ಮರಗೆಣಸಿನ ಮಣಿ ಹಾಕಿದ ತಣ್ಣನೆಯ ಕಾಫಿ

ಕಳೆದ ಬೇಸಿಗೆ ರಜೆಯಲ್ಲಿ ಕುಂಬಳೆ, ಬದಿಯಡ್ಕ ಕಡೆಯ ನಮ್ಮ ಬಂಧುಗಳ ಮೂರು ಮನೆಗಳಲ್ಲಿ ಮಕ್ಕಳು ಈ ಕಾಫಿಯನ್ನು ಮಾಡಲು ಹೊರಟದ್ದನ್ನು ನಾನು ಹತ್ತಿರದಿಂದ ನೋಡಿದೆ. ಮೂರು ಕಡೆಯೂ ಕಾಫಿ ಚೆನ್ನಾಗಿತ್ತು, ಆದರೆ ಅದರ ತಳದಲ್ಲಿ ಇರಬೇಕಾಗಿದ್ದ ಮಣಿಗಳು ಹಿಟ್ಟು ಕಲಸುವ ಹಂತದಲ್ಲಿಯೇ ಕೆಟ್ಟುಹೋಗಿದ್ದವು. 1980ರ ದಶಕದಲ್ಲಿ ತೈವಾನಿನಲ್ಲಿ ಚಹಾದೊಂದಿಗೆ ಆರಂಭವಾದ ಈ ಬಗೆಯ ಪಾನೀಯದ ಮಣಿಗಳು ಮರಗೆಣಸಿನ ಪಿಷ್ಟದಿಂದಲೇ ಆಗುತ್ತವೆ. ಹಿತ್ತಿಲಲ್ಲಿ ಮರಗೆಣಸು ಬೆಳೆಯುವ ಕಾಸರಗೋಡಿನವರು ಅದಕ್ಕಾಗಿ ದುಬಾರಿ ಪೊಟ್ಟಣ ಕೊಳ್ಳಬೇಕಾಗಿಲ್ಲ.

ಮೊದಲು ಹುಡಿಯ ವಿಚಾರ. ಮರಗೆಣಸನ್ನು ಹೋಳು ಮಾಡಿ ಒಣಗಿಸಿ ಬೀಸಿದ ಹಿಟ್ಟು ಬೇರೆ, ಅದರ ಹಾಲನ್ನು ತಂಗಿಸಿ ತೆಗೆದ ಪಿಷ್ಟ ಬೇರೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುವುದುಂಟು. ನಾನು ಹಾಗೆ ತಂದ ಒಂದು ಪೊಟ್ಟಣದ ಹಿಟ್ಟು ನಾರಿನಿಂದಾಗಿ ಎಷ್ಟು ನಾದಿದರೂ ಬಿರುಕು ಬಿಟ್ಟಿತು. ನಮಗೆ ಬೇಕಾದುದು ಪಿಷ್ಟ. ಎರಡು ಬೆರಳುಗಳ ನಡುವೆ ಒತ್ತಿದಾಗ ಅದು ಕಿರ್ರೆಂದು ಸದ್ದು ಮಾಡುತ್ತದೆ, ಬಣ್ಣ ಸುಣ್ಣದಂತೆ ಬೆಳ್ಳಗಿರುತ್ತದೆ. ಮನೆಯಲ್ಲೇ ತೆಗೆಯುವುದಾದರೆ ಕೂವೆ ಹುಡಿ ಮಾಡುವ ಕ್ರಮವನ್ನೇ ಅನುಸರಿಸಬೇಕು: ಕಹಿಯಿಲ್ಲದ ಗೆಣಸನ್ನು ಸಿಪ್ಪೆ ತೆಗೆದು ತುರಿದು, ನೀರು ಬೆರೆಸಿ ಬಟ್ಟೆಯಲ್ಲಿ ಹಿಂಡಿ, ತಳದಲ್ಲಿ ತಂಗಿದ್ದನ್ನು ಮೂರು ನಾಲ್ಕು ಬಾರಿ ನೀರು ಬದಲಿಸಿ ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸುವುದು.

ಇದಕ್ಕೆ ಬದಲಾಗಿ ಪಾಯಸದ ಸಬ್ಬಕ್ಕಿಯನ್ನು ಬಳಸಬಹುದೇ ಎಂದು ಅನೇಕರು ಕೇಳುತ್ತಾರೆ. ಅದೂ ಮರಗೆಣಸಿನ ಪಿಷ್ಟದ್ದೇ, ಬಹುಪಾಲು ಸೇಲಂ ಕಡೆಯಿಂದ ಬರುವಂಥದ್ದು. ಆದರೆ ಕಾಳು ಚಿಕ್ಕದಾದ್ದರಿಂದ ಬೆಂದಾಗ ಮೆತ್ತಗಾಗಿ ಗಂಟಲಲ್ಲಿ ಜಾರಿಹೋಗುತ್ತದೆ, ಜಗಿಯಲು ಏನೂ ಉಳಿಯುವುದಿಲ್ಲ. ಅದನ್ನು ಪಾಯಸಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಎಲ್ಲರೂ ಎಡವುವ ಹಂತಕ್ಕೆ ಬರೋಣ. ನಾಲ್ಕು ಲೋಟ ಕಾಫಿಗೆ 120 ಗ್ರಾಂ ಪಿಷ್ಟ, 50 ಗ್ರಾಂ ಕಪ್ಪು ಬೆಲ್ಲ ಮತ್ತು 70 ಮಿಲಿ ಲೀಟರ್ ನೀರು ಸಾಕು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಮರಳು ಉಳಿಯದಂತೆ ಸೋಸಿ, ಸಣ್ಣ ಪಾತ್ರೆಯಲ್ಲಿ ಮತ್ತೆ ಒಲೆಯ ಮೇಲಿಡಿ. ಅಂಚಿನಲ್ಲಿ ಗುಳ್ಳೆ ಕಂಡರೆ ಸಾಲದು, ನಡುವಿನಲ್ಲಿಯೂ ನೊರೆಯೆದ್ದು ಮರಳಿ ಕುದಿಯಬೇಕು. ಆ ಕ್ಷಣದಲ್ಲಿ ಒಲೆಯನ್ನು ಆರಿಸಿ, ಪಿಷ್ಟದ ಮೂರರಲ್ಲೊಂದು ಭಾಗವನ್ನು ಮಾತ್ರ ಹಾಕಿ ಸಟ್ಟುಗದಿಂದ ಬಿರುಸಾಗಿ ತಿರುವಬೇಕು. ಅರ್ಧ ನಿಮಿಷದೊಳಗೆ ಅದು ಹೊಳೆಯುವ ಕಂದು ಅಂಟಾಗಿ ಸಟ್ಟುಗಕ್ಕೆ ಹಿಡಿದುಕೊಳ್ಳುತ್ತದೆ. ಅನಂತರವೇ ಉಳಿದ ಪಿಷ್ಟವನ್ನು ಸೇರಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಹಲಗೆಯ ಮೇಲೆ ಹಾಕಿ ನಾದಬೇಕು.

ಇದರ ಕಾರಣವನ್ನು ತಿಳಿದುಕೊಂಡರೆ ಕೈ ತಪ್ಪುವುದಿಲ್ಲ. ಗೋಧಿಯಲ್ಲಿರುವಂತಹ ಅಂಟುವ ಗುಣ ಹಸಿ ಪಿಷ್ಟಕ್ಕಿಲ್ಲ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಹಾಗೆ ಬೆಂದ ಒಂದು ಪಾಲೇ ಬೇಯದ ಎರಡು ಪಾಲನ್ನು ಹಿಡಿದಿಡುತ್ತದೆ. ಪಾಕ ಬರೇ ಬೆಚ್ಚಗಿದ್ದರೆ ಯಾವುದೂ ಬೇಯದೆ, ಒತ್ತಿದಾಗ ಗಟ್ಟಿಯಾಗಿ ಕೈಬಿಟ್ಟೊಡನೆ ಹರಿದುಹೋಗುವ ವಿಚಿತ್ರ ಹಿಟ್ಟು ಸಿಗುತ್ತದೆ. ಉರಿಯ ಮೇಲೆಯೇ ಎಲ್ಲವನ್ನೂ ಸುರಿದರೆ ಪೂರ್ತಿ ಬೆಂದು ರಬ್ಬರಿನಂತೆ ಗಂಟಾಗುತ್ತದೆ. ಬಂಧುಗಳ ಮನೆಯಲ್ಲಿ ಆದದ್ದು ಎರಡು ಕಡೆ ಮೊದಲನೆಯದು, ಒಂದು ಕಡೆ ಎರಡನೆಯದು. ಹಿಟ್ಟು ಹರಿಯುತ್ತಿದ್ದರೆ ಅದನ್ನು ಚೆಲ್ಲಬೇಕಾಗಿಲ್ಲ. ಎರಡು ಚಮಚದಷ್ಟನ್ನು ಸಣ್ಣ ಉರಿಯಲ್ಲಿ ಅಂಟಾಗುವವರೆಗೆ ಕಾಯಿಸಿ ಮತ್ತೆ ಸೇರಿಸಿ ನಾದಿದರೆ ಸರಿಯಾಗುತ್ತದೆ. ಗಂಟಾದದ್ದಕ್ಕೆ ಮಾತ್ರ ಪರಿಹಾರವಿಲ್ಲ.

ನಯವಾದ ಹಿಟ್ಟನ್ನು ಒದ್ದೆ ಬಟ್ಟೆಯಡಿ ಇಟ್ಟು, ಸ್ವಲ್ಪ ಸ್ವಲ್ಪವೇ ತೆಗೆದು ಬತ್ತಿಯಂತೆ ಹೊಸೆದು, ತುಂಡರಿಸಿ, ಕಡಲೆಯ ಗಾತ್ರದ ಉಂಡೆಗಳನ್ನಾಗಿ ಮಾಡಿ. ಬೆಂದಾಗ ಅವು ಉಬ್ಬುವುದರಿಂದ ಇದಕ್ಕಿಂತ ದೊಡ್ಡದು ಬೇಡ. ಮೇಲೆ ಒಣ ಪಿಷ್ಟ ಉದುರಿಸಿ, ಇಲ್ಲವಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಬೇಯಿಸಲು ಎರಡು ಲೀಟರ್ ನೀರು ಕುದಿಯುತ್ತಿರಬೇಕು. ತಣ್ಣೀರಿಗೆ ಹಾಕಿ ಒಲೆ ಹೊತ್ತಿಸಿದರೆ ಮಣಿಗಳೆಲ್ಲ ಕರಗಿ ಗಂಜಿಯಾಗುತ್ತವೆ. ತಳ ಹಿಡಿಯದಂತೆ ಮೆಲ್ಲನೆ ಕೈಯಾಡಿಸಿ, ತೇಲಿದ ಮೇಲೆ ಮಧ್ಯಮ ಉರಿಯಲ್ಲಿ 20 ನಿಮಿಷ ಬೇಯಿಸಿ, ಒಲೆ ಆರಿಸಿ ಮುಚ್ಚಿ ಮತ್ತೆ 20 ನಿಮಿಷ ಬಿಡಿ. ಒಂದನ್ನು ಚೂರಿಯಿಂದ ಸೀಳಿ ನೋಡಿದಾಗ ನಡುವೆ ಬಿಳಿಯ ಚುಕ್ಕೆ ಕಾಣುತ್ತಿದ್ದರೆ ಇನ್ನೂ ಐದು ನಿಮಿಷ ಬೇಕು. ಐದು ನಿಮಿಷದಲ್ಲೇ ಬೇಯುವ ಮಣಿಗಳೆಂದು ಮಾರುವ ಪೊಟ್ಟಣಗಳನ್ನು ನಾನು ಎರಡು ಬಾರಿ ತಂದು ನೋಡಿದ್ದೇನೆ. ಹೊರಗೆ ಲೋಳೆ, ಒಳಗೆ ಹುಡಿ. ಅವನ್ನು ಕೊಳ್ಳಬೇಡಿ. ಬೆಂದ ಮಣಿಗಳನ್ನು ತಣ್ಣೀರಿನಲ್ಲಿ ಜಾಲಿಸಿ, 100 ಗ್ರಾಂ ಬೆಲ್ಲದ ಗಟ್ಟಿ ಪಾಕದಲ್ಲಿ ಕಾಲು ಗಂಟೆ ನೆನೆಸಿಟ್ಟರೆ ಸಿಹಿ ಹಿಡಿಯುತ್ತದೆ. ಈ ಪಾಕಕ್ಕೆ ಓಲೆ ಬೆಲ್ಲ (ತಾಳೆ ಬೆಲ್ಲ) ಸಿಕ್ಕಿದರೆ ಬೇರೆ ಯಾವುದನ್ನೂ ಹುಡುಕಬೇಡಿ.

ಕಾಫಿಯ ಕೆಲಸ ಸುಲಭ. ಫಿಲ್ಟರಿನಲ್ಲಿ ಆರು ಚಮಚ ಹುಡಿಗೆ 200 ಮಿಲಿ ಲೀಟರ್ ಬಿಸಿ ನೀರೆರೆದು ದಪ್ಪ ಡಿಕಾಕ್ಷನ್ ಇಳಿಸಿ, ತಣಿಸಿ. ಅದರಲ್ಲಿ ಸ್ವಲ್ಪವನ್ನು ಹಿಂದಿನ ರಾತ್ರಿಯೇ ಮಂಜುಗಡ್ಡೆ ಕಟ್ಟಿಸಿಟ್ಟರೆ ಕಾಫಿ ಕೊನೆಯ ಗುಟುಕಿನವರೆಗೂ ನೀರಾಗುವುದಿಲ್ಲ. ಸ್ವಲ್ಪ ಚಿಕೋರಿ ಇರುವ ಹುಡಿಯೇ ಇದಕ್ಕೆ ತಕ್ಕುದು, ಏಕೆಂದರೆ ತಣ್ಣನೆಯ ಹಾಲಿನಲ್ಲಿ ಬರೇ ಕಾಫಿಯ ರುಚಿ ಮಂಕಾಗುತ್ತದೆ. ಲೋಟದ ತಳಕ್ಕೆ ಪಾಕಸಹಿತ ಮಣಿಗಳು, ಮೇಲೆ ಮಂಜುಗಡ್ಡೆ, ಕಾಯಿಸಿ ತಣಿಸಿ ಕೆನೆ ತೆಗೆದ ಹಾಲು, ಕೊನೆಗೆ ಡಿಕಾಕ್ಷನ್. ಪಾಕ ಪೂರ್ತಿ ಆರಿರಬೇಕು. ಬಿಸಿ ಬೆಲ್ಲಕ್ಕೆ ಹಾಲೆರೆದರೆ ಒಡೆಯುವ ಸಂಭವವಿದೆ. ತೀರ ಚಿಕ್ಕ ಮಕ್ಕಳಿಗೆ ಮಣಿಗಳನ್ನು ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಉಳಿದವರಿಗೂ ದಪ್ಪ ನಳಿಕೆಗಿಂತ ಉದ್ದ ಚಮಚವೇ ಅನುಕೂಲ.

ಬೆಂದ ಮಣಿಗಳನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಫ್ರಿಜ್ಜಿನಲ್ಲಿಟ್ಟರೆ ಹಿಂದಿನ ದಿನದ ಅನ್ನದಂತೆ ಸೆಟೆದುಕೊಳ್ಳುತ್ತವೆ. ಬೇಯಿಸದ ಉಂಡೆಗಳನ್ನಾದರೆ ಹುಡಿ ಉದುರಿಸಿ ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿನಲ್ಲಿ ಕೆಲವು ವಾರ ಇಡಬಹುದು. ಬೇಕಾದಾಗ ಕರಗಲು ಬಿಡದೆ ನೇರವಾಗಿ ಕುದಿಯುವ ನೀರಿಗೆ ಹಾಕಿ, ಬೇಯುವ ಹೊತ್ತನ್ನು ಐದು ನಿಮಿಷ ಹೆಚ್ಚಿಸಿದರೆ ಸಾಕು.