ಎಷ್ಟು ವಿಷಲ್ ಕೂಗಿಸ್ತೀರಿ ಅಕ್ಕಾ?

ಮಾಂಸ, ಕೋಳಿ, ಮೊಟ್ಟೆಯನ್ನು ಮನೆಗಳಲ್ಲಿ ಹೇಗೆ ತರುತ್ತಾರೆ, ತೊಳೆಯುತ್ತಾರೆ, ಬೇಯಿಸುತ್ತಾರೆ, ಮಿಕ್ಕಿದ್ದನ್ನು ಹೇಗೆ ಇಡುತ್ತಾರೆ ಎಂದು ಕೇಳುವ ಸಮೀಕ್ಷೆಗಾಗಿ ಮಂಡ್ಯ ನಗರದಲ್ಲೂ ಕೆರಗೋಡು, ಬಸರಾಳು ಕಡೆಯ ಹಳ್ಳಿಗಳಲ್ಲೂ ಮನೆಮನೆ ತಿರುಗಿದ್ದೇನೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಬೇಯಿಸುವುದರಲ್ಲಿ ತೊಂದರೆ ಕಡಿಮೆ. ತೊಂದರೆ ಇರುವುದು ಒಲೆಗೆ ಏರುವ ಮುಂಚೆ, ಒಲೆಯಿಂದ ಇಳಿದ ಮೇಲೆ. ಪ್ರಶ್ನೆಗಳೂ ಅಲ್ಲೇ ಜಾಸ್ತಿ ಇರಬೇಕು.

ನಮ್ಮ ಕೈಗೆ ಸಿಗುವ ಮಾದರಿ ಪ್ರಶ್ನೆಗಳು ಹೆಚ್ಚಾಗಿ ಹೊರದೇಶದವು. ಮಾಂಸ ಬೆಂದಿದೆಯಾ ಎಂದು ಥರ್ಮಾಮೀಟರ್ ಚುಚ್ಚಿ ನೋಡುತ್ತೀರಾ ಎಂಬ ಪ್ರಶ್ನೆ ಅವುಗಳಲ್ಲಿ ಇದ್ದೇ ಇರುತ್ತದೆ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎನ್ನುವುದು ಅಮೆರಿಕದ ಲೆಕ್ಕ. ಇಡೀ ಕೋಳಿಯನ್ನು ಓವನ್‌ನಲ್ಲಿ ಇಡುವ ಮನೆಗೆ ಅದು ಸರಿ. ಕೆರಗೋಡಿನ ಅಡುಗೆಮನೆಯಲ್ಲಿ ಇದನ್ನು ಕೇಳಿದರೆ "ಜ್ವರ ನೋಡೋದಾ?" ಅಂತಾರೆ. ಹಾಗಾಗಿ ನಾನು ಕೇಳಿದ್ದು ಎಷ್ಟು ವಿಷಲ್ ಕೂಗಿಸ್ತೀರಿ ಅಂತ. ಉತ್ತರ ತಟ್ಟನೆ ಬರುತ್ತದೆ. ಫಾರಂ ಕೋಳಿಗೆ ಇಷ್ಟು, ಮಟನ್‌ಗೆ ಇಷ್ಟು, ನಾಟಿ ಕೋಳಿ ಬಲಿತಿದ್ದರೆ ಇನ್ನೂ ನಾಲ್ಕು. ಕುಕ್ಕರ್ ಒಳಗಿನ ಬಿಸಿ 100 ದಾಟಿ 120ರ ಹತ್ತಿರ ಹೋಗುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಕ್ರಿಮಿಗಳು ಅದರಲ್ಲಿ ಬದುಕುವ ಮಾತೇ ಇಲ್ಲ.

ಬೇಯಿಸುವುದರಲ್ಲಿ ನನಗೆ ಅನುಮಾನ ಉಳಿದದ್ದು ಕಬಾಬ್ ಒಂದರ ಮೇಲೆ. ಫ್ರೀಜರ್‌ನಿಂದ ತೆಗೆದು, ಐಸ್ ಪೂರ್ತಿ ಬಿಡುವ ಮುಂಚೆಯೇ ಜೋರು ಉರಿಯ ಎಣ್ಣೆಗೆ ಬಿಡುತ್ತಾರೆ. ಮೇಲೆ ಗರಿಗರಿ, ಮೂಳೆ ಪಕ್ಕ ಇನ್ನೂ ಹಸಿ. ಪ್ಯಾಕೆಟ್ ಮಸಾಲೆ ಕೆಂಪಗಿದ್ದರೆ ಬೆಂದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದೇ ಇಲ್ಲ. 2024ರಲ್ಲಿ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಅಂದದ್ದು ಬಣ್ಣದಿಂದ ಆರೋಗ್ಯ ಕೆಡುತ್ತದೆ ಅಂತ. ನನಗೆ ಅದರಿಂದ ಇನ್ನೊಂದು ಲಾಭವೂ ಕಂಡಿತು. ಬಣ್ಣ ಇಲ್ಲದಿದ್ದರೆ ಹಸಿ ಕಾಣಿಸುತ್ತದೆ ಅಲ್ವಾ?

ಯಾವ ದಿನ ಹೋಗಬೇಕು ಅನ್ನುವುದೇ ದೊಡ್ಡ ವಿಷಯ. ಭಾನುವಾರ ಬೆಳಿಗ್ಗೆ ಹೋದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೋಮವಾರ ಹೋದರೆ ನೆನಪು ಹಸಿಯಾಗಿರುತ್ತದೆ, ಆದರೆ ಅದು ಮಾದಪ್ಪನ (ಮಲೆ ಮಹದೇಶ್ವರನ) ವಾರ, ಬಾಡು ಅಂದರೆ ಮಾಂಸ ಮುಟ್ಟದ ದಿನ. "ಇವತ್ತು ಬಾಡಿನ ಮಾತು ಬ್ಯಾಡ ಕಣವ್ವ, ನಾಳೆ ಬಾ" ಎಂದು ಬಾಗಿಲಲ್ಲೇ ಕೈ ಮುಗಿದವರಿದ್ದಾರೆ. ಶನಿವಾರವೂ ಹಲವು ಮನೆಗಳಲ್ಲಿ ಹಾಗೇ. ಶ್ರಾವಣದಲ್ಲಿ ಹೋಗುವುದಂತೂ ದಂಡ. ನಾನು ಭಾನುವಾರ ಸಂಜೆ, ಇಲ್ಲವೇ ಮಂಗಳವಾರ ಇಟ್ಟುಕೊಂಡೆ. ಯುಗಾದಿ ಆದ ಮೇಲೆ ಬಾಡೂಟ ಮಾಡುವ ಹೊಸ್ತೊಡಕಿನ ವಾರ ಸಿಕ್ಕರೆ ಬಿಡಬೇಡಿ. ಗುಡ್ಡೆ ಬಾಡು (ಹಲವರು ಸೇರಿ ಕುಯ್ಸಿ, ಗುಡ್ಡೆ ಹಾಕಿ ಹಂಚಿಕೊಳ್ಳುವ ಮಾಂಸ) ಹಾಕಿಸಿಕೊಂಡವರು, ಅಂಗಡಿಯಿಂದ ತಂದವರು, ನೆಂಟರ ಮನೆಯಿಂದ ಪಾಲು ಬಂದವರು, ಎಲ್ಲರೂ ಮಾತಿಗೆ ಸಿಗುತ್ತಾರೆ.

ಕ್ಲಿಪ್‌ಬೋರ್ಡ್ ಹಿಡಿದು ನಿಂತರೆ ಮೊದಲು ಬರುವ ಪ್ರಶ್ನೆ ನಮಗೇ. ಜಾತಿ ಗಣತಿಯವರಾ? ಗೃಹಲಕ್ಷ್ಮಿ ದುಡ್ಡು ಬಂದಿಲ್ಲ, ಬರ್ಕೊಳ್ಳಿ. ಇದಕ್ಕೆ ತಾಳ್ಮೆ ಬೇಕು. ಬೀದಿಯಲ್ಲಿ ನಿಂತು "ನಿಮ್ಮ ಮನೇಲಿ ಮಾಂಸ ತಿಂತೀರಾ?" ಎಂದು ಕೇಳಲೇಬಾರದು. ನಾಲ್ಕು ಮನೆಯವರು ಕೇಳಿಸಿಕೊಳ್ಳುತ್ತಾರೆ. ಒಳಗೆ ಕೂತ ಮೇಲೆ, ಮೊಟ್ಟೆಯಿಂದ ಶುರು ಮಾಡಬೇಕು. ಯಾವ ಪ್ರಾಣಿಯ ಮಾಂಸ ಎಂಬ ಪ್ರಶ್ನೆಯನ್ನು ನಾವು ಬೇಕೆಂದೇ ಇಡಲಿಲ್ಲ. ಕುರಿಯೋ ಮೇಕೆಯೋ ಇನ್ನೊಂದೋ, ತೊಳೆದ ಕೈ ಒಂದೇ. ಅದನ್ನು ಕೇಳುವುದಿಲ್ಲ ಎಂದು ಮೊದಲೇ ಹೇಳಿದಾಗ ಕೆಲವು ಮನೆಗಳಲ್ಲಿ ಮುಖ ಸಡಿಲವಾದದ್ದು ಗೊತ್ತಾಗುತ್ತಿತ್ತು.

ಇನ್ನೊಂದು, ಅಡುಗೆ ಮಾಡುವವರನ್ನು ಮಾತ್ರ ಕೇಳಿದರೆ ಅರ್ಧ ಕಥೆ ಸಿಗುವುದಿಲ್ಲ. ತರುವವರು ಹೆಚ್ಚಾಗಿ ಗಂಡಸರು. ಅಂಗಡಿಯಲ್ಲಿ ಕಪ್ಪು ಕವರ್‌ಗೆ ಹಾಕಿಸಿಕೊಂಡು ಬೈಕಿನ ಹ್ಯಾಂಡಲ್‌ಗೆ ನೇತು ಹಾಕುತ್ತಾರೆ. ಅಲ್ಲಿಂದ ಸೀದಾ ಮನೆಗಾ? "ಸೀದಾ ಮನೆಗೇ" ಅಂತಾರೆ. ಟೀ ಕುಡಿದದ್ದು, ಪೆಟ್ರೋಲ್ ಹಾಕಿಸಿದ್ದು, ಗೆಳೆಯ ಸಿಕ್ಕಿದ್ದು ಹೆಂಡತಿ ಪಕ್ಕದಲ್ಲಿ ಕೂತು ನೆನಪಿಸಿದಾಗ ಹೊರಗೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಆ ಕವರ್ ಒಳಗೆ ಏನಾಗುತ್ತದೆ ಯೋಚಿಸಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ ಅನ್ನುತ್ತದೆ. ಬೈಕಿನ ಹ್ಯಾಂಡಲ್ ಆ ನಡುವೆಯೇ ಬರುತ್ತದೆ.

"ಕೋಳಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೀತೀರಾ?" ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಇಲ್ಲ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ನಾನು ಆ ಪ್ರಶ್ನೆ ಓದುವುದನ್ನು ಕೊನೆಗೆ ತಳ್ಳಿ, ಮೊದಲು "ಹೋದ ಭಾನುವಾರ ಕವರ್ ಮನೆಗೆ ಬಂತಲ್ಲಾ, ಅಲ್ಲಿಂದ ಹೇಳಿ ಅಕ್ಕ" ಎನ್ನುತ್ತಿದ್ದೆ. ಕೂತು ಹೇಳುವುದಕ್ಕಿಂತ ಅಡುಗೆಮನೆಯಲ್ಲಿ ನಿಂತು ಹೇಳಿಸುವುದು ಇನ್ನೂ ಒಳ್ಳೆಯದು. ಗುತ್ತಲು ಕಡೆಯ ಒಂದು ಮನೆಯಲ್ಲಿ ಒಬ್ಬ ಅಕ್ಕ ಮಾಡಿ ತೋರಿಸುತ್ತಾ ಹೋದರು. ಪಾತ್ರೆಗೆ ಸುರಿದೆ, ಅರಿಶಿನ ಉಪ್ಪು ಹಾಕಿ ತಿಕ್ಕಿದೆ, ನಲ್ಲಿ ತಿರುಗಿಸಿದೆ, ತೊಳೆದೆ, ನೀರು ಬಸಿದೆ, ಆಮೇಲೆ ಸೋಪು ಹಚ್ಚಿ ಕೈ ತೊಳೆದೆ, ನಲ್ಲಿ ನಿಲ್ಲಿಸಿದೆ. ಅಷ್ಟೂ ಸರಿ. ಆದರೆ ಕೋಳಿ ಮುಟ್ಟಿದ ಕೈಯಲ್ಲೇ ನಲ್ಲಿ ತಿರುಗಿಸಿದ್ದು, ಸೋಪು ಹಾಕಿ ತೊಳೆದ ಕೈಯಲ್ಲಿ ಮತ್ತೆ ಅದೇ ನಲ್ಲಿ ನಿಲ್ಲಿಸಿದ್ದು. ಆ ನಲ್ಲಿಯ ಪಕ್ಕದಲ್ಲೇ ಕೊತ್ತಂಬರಿ ಸೊಪ್ಪು. ಸೋಪು ಬಳಸಿದರು ಎಂದು ಟಿಕ್ ಹಾಕಿ ಎದ್ದು ಬಂದಿದ್ದರೆ ಇದು ಯಾವ ಕಾಲಂನಲ್ಲೂ ಬರುತ್ತಿರಲಿಲ್ಲ. ನಮ್ಮ ಹಾಳೆಯಲ್ಲಿ ಎರಡು ಕಾಲಂ ಮಾಡಿಕೊಂಡೆವು: ಹೇಳಿದ್ದು, ಕಂಡದ್ದು.

ಕೋಳಿ ತೊಳೆಯುವ ವಿಷಯಕ್ಕೇ ಬರೋಣ. ಹಸಿ ಕೋಳಿ ತೊಳೆಯಬೇಡಿ, ನೀರು ಸಿಡಿದು ಕ್ರಿಮಿ ಹರಡುತ್ತದೆ ಎನ್ನುವುದು ಹೊರದೇಶದ ಆರೋಗ್ಯ ಇಲಾಖೆಗಳ ಸಲಹೆ. ಮಾತು ನಿಜ. ಆದರೆ ಮಂಡ್ಯದಲ್ಲಿ ತೊಳೆಯದೆ ಕೋಳಿ ಮಾಡುವ ಮನೆ ನನಗೆ ಸಿಗಲಿಲ್ಲ. ಅಂಗಡಿಯಿಂದ ಬಂದದ್ದರಲ್ಲಿ ಪುಕ್ಕ, ರಕ್ತ, ಮೂಳೆ ಚೂರು ಇರುತ್ತದೆ. ನಾಟಿ ಕೋಳಿಯನ್ನು ಸುಟ್ಟು ತಂದರೆ ಮಸಿ ಇರುತ್ತದೆ. ಇಲ್ಲಿ "ತೊಳೆಯುತ್ತೀರಾ" ಎಂಬ ಪ್ರಶ್ನೆಗೆ ಅಂಕ ಕೊಟ್ಟರೆ ಇಡೀ ತಾಲ್ಲೂಕು ಫೇಲ್. ಅದರಿಂದ ಏನು ಗೊತ್ತಾಗುತ್ತದೆ? ನಾವು ಕೇಳಿದ್ದು ಬೇರೆ. ನಲ್ಲಿಯ ಕೆಳಗೆ ಹಿಡಿದು ತೊಳೀತೀರಾ, ಪಾತ್ರೆಯಲ್ಲಿ ಮುಳುಗಿಸಿ ತೊಳೀತೀರಾ? ಆ ನೀರು ಎಲ್ಲಿ ಚೆಲ್ತೀರಿ? ಸಿಂಕ್‌ನಲ್ಲಿ ಲೋಟ ತಟ್ಟೆ ಇರುತ್ತಾ? ಈ ಉತ್ತರಗಳಲ್ಲಿ ಮನೆಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಹಳ್ಳಿಯಲ್ಲಿ ಹಿತ್ತಲಲ್ಲಿ ಕೂತು ಬೋಸಿಯಲ್ಲಿ ತೊಳೆದು ತೆಂಗಿನ ಬುಡಕ್ಕೆ ಸುರಿಯುವವರು, ಗ್ರಾನೈಟ್ ಕಟ್ಟೆಯ ಸಿಂಕ್ ಇರುವವರಿಗಿಂತ ಎಷ್ಟೋ ವಾಸಿ.

ನನಗೆ ಅಚ್ಚರಿ ತಂದದ್ದು ಈಳಿಗೆಮಣೆ. ಹಸಿ ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು ಇರಬೇಕು ಎಂದು ಆಹಾರ ಸುರಕ್ಷತೆಯ ಪುಸ್ತಕಗಳೆಲ್ಲ ಬಡಕೊಳ್ಳುತ್ತವೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಆಗಲೇ ಇದೆ. ಬಾಡಿನ ಮಣೆ, ಬಾಡಿನ ಪಾತ್ರೆ, ಕೆಲವರಲ್ಲಿ ಹೊರಗಡೆ ಬೇರೆ ಒಲೆ. ಇದು ಬ್ಯಾಕ್ಟೀರಿಯಾಗೆ ಹೆದರಿ ಮಾಡಿದ್ದಲ್ಲ, ದೇವರಿಗೆ ಹೆದರಿ ಮಾಡಿದ್ದು. ಯಾಕೆ ಮಾಡುತ್ತಾರೆ ಎಂಬುದು ನಮಗೆ ಬೇಕಿಲ್ಲ, ಮಾಡುತ್ತಾರಲ್ಲ, ಸಾಕು. ಆದರೆ ಅಡುಗೆಮನೆಯ ಒರೆಸುವ ಬಟ್ಟೆ ಮಾತ್ರ ಎಲ್ಲದಕ್ಕೂ ಒಂದೇ. ಕಟ್ಟೆಗೆ, ಕೈಗೆ, ತಟ್ಟೆಗೆ. ಮಡಿಯ ಲೆಕ್ಕದಿಂದ ಬಟ್ಟೆ ಹೇಗೋ ತಪ್ಪಿಸಿಕೊಂಡಿದೆ.

ಮೊಟ್ಟೆಯಲ್ಲಿ ಎರಡೇ ವಿಷಯ ಹೇಳುತ್ತೇನೆ. ತಂದ ತಕ್ಷಣ ತೊಳೆದು ಇಡುವವರಿದ್ದಾರೆ. ಚಿಪ್ಪಿನ ಮೇಲೆ ಕ್ರಿಮಿಯನ್ನು ತಡೆಯುವ ತೆಳು ಪದರ ಇರುತ್ತದೆ, ತೊಳೆದರೆ ಅದು ಹೋಗುತ್ತದೆ. ತೊಳೆಯುವುದಿದ್ದರೆ ಇನ್ನೇನು ಒಡೆಯಬೇಕು ಅನ್ನುವಾಗ ತೊಳೆಯಬೇಕು. ಎರಡನೆಯದು, ಹಸಿ ಮೊಟ್ಟೆ. "ಹಸಿ ಮೊಟ್ಟೆ ತಿಂತೀರಾ?" ಎಂದರೆ "ಥೂ ಇಲ್ಲಪ್ಪ". "ಮಗಳು ದೊಡ್ಡವಳಾದಾಗ ಏನು ಕೊಟ್ಟಿರಿ ಅಜ್ಜಿ?" ಎಂದರೆ ಕೊಬ್ಬರಿ, ಬೆಲ್ಲ, ತುಪ್ಪದ ಜೊತೆ ನಾಟಿ ಮೊಟ್ಟೆಯೂ ಬರುತ್ತದೆ, ಅದೂ ಹಸಿಯಾಗಿ. ಜಿಮ್‌ಗೆ ಹೋಗುವ ಹುಡುಗರದ್ದೂ ಇದೇ ಕಥೆ. ಸಾಲ್ಮೊನೆಲ್ಲಾ ಚಿಪ್ಪಿನ ಒಳಗೂ ಇರಬಹುದು, ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ.

ಫ್ರಿಜ್ ಇರುವ ಮನೆಯಲ್ಲಿ ಮಾತು ಶುರು ಮಾಡುವಾಗಲೇ ಒಂದು ಸಣ್ಣ ಥರ್ಮಾಮೀಟರ್ ಒಳಗಿಟ್ಟು, ಏಳುವಾಗ ಓದುತ್ತಿದ್ದೆ. 5 ಡಿಗ್ರಿಗಿಂತ ಕಡಿಮೆ ಇರಬೇಕು. ಕರೆಂಟು ಹೋಗಿ ಬಂದಿದ್ದರೆ ಅದನ್ನೂ ಬರೆಯಬೇಕು. ಇಲ್ಲದಿದ್ದರೆ ಆ ಅಂಕಿಗೆ ಬೆಲೆ ಇಲ್ಲ.

ನಡುವೆ ಬುದ್ಧಿ ಹೇಳುವ ಆಸೆ ತುಂಬಾ ಬರುತ್ತದೆ. ತಡೆದುಕೊಳ್ಳಬೇಕು. ಒಂದು ಮನೆಯಲ್ಲಿ ಹೇಳಿದರೆ, ನಾವು ಮುಂದಿನ ಮನೆ ಮುಟ್ಟುವ ಮುಂಚೆ ಮಾತು ಮುಟ್ಟಿರುತ್ತದೆ, ಅಲ್ಲಿ ಉತ್ತರ ರೆಡಿ ಇರುತ್ತದೆ. ಸಲಹೆಯೆಲ್ಲ ಆ ಬೀದಿ ಮುಗಿದ ಮೇಲೆ.

ಹಾಗೆ ಮುಗಿದ ಮೇಲೆ ಒಂದು ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದವರ ಜೊತೆ ಕೂತಿದ್ದೆವು. ಜಾಸ್ತಿ ಚರ್ಚೆ ಆದದ್ದು ತಂಗಳು ಸಾರಿನ ಮೇಲೆ. ಮಧ್ಯಾಹ್ನದ ಬಾಡಿನ ಸಾರು ರಾತ್ರಿಗೆ, ರಾತ್ರಿ ಇನ್ನೊಮ್ಮೆ ಕುದಿಸಿ ಒಲೆಯ ಮೇಲೇ ಬಿಟ್ಟು ಬೆಳಿಗ್ಗೆಗೆ. ಬೆಳಿಗ್ಗೆ ರುಚಿ ಜಾಸ್ತಿ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಕ್ರಿಮಿಯ ಬೀಜಾಣು ಕುದಿತಕ್ಕೆ ಸಾಯುವುದಿಲ್ಲ. ದೊಡ್ಡ ಪಾತ್ರೆ ನಿಧಾನಕ್ಕೆ ಆರುವಾಗ, ಬೆಚ್ಚಗಿನ ಗಟ್ಟಿ ಸಾರಿನಲ್ಲಿ ಅದು ಗಂಟೆಗಟ್ಟಲೆ ಬೆಳೆಯುತ್ತದೆ. ಎರಡು ಗಂಟೆಯೊಳಗೆ ಸಣ್ಣ ಪಾತ್ರೆಗಳಿಗೆ ಹಂಚಿ ಫ್ರಿಜ್‌ಗೆ ಇಡಿ ಎಂದೆ.

"ಫ್ರಿಜ್ ಇಲ್ದೋರು?" ಎಂದು ಹಿಂದಿನಿಂದ ಒಬ್ಬರು ಕೇಳಿದರು. ಒಂದು ಹೊತ್ತಿಗೆ ಆಗುವಷ್ಟೇ ತನ್ನಿ ಎಂದೆ. ಎಲ್ಲರೂ ನಕ್ಕರು. "ಅರ್ಧ ಕೆಜಿ ತಂದ್ರೆ, ಸಾರಿನ ವಾಸನೆಗೆ ಬರೋ ನೆಂಟ್ರಿಗೆ ಏನ್ ಇಕ್ಕದು ಮೇಡಮ್ಮ?" ಎಂದರು. ಮುಂದಿನ ಸುತ್ತಿನ ಹಾಳೆಯಲ್ಲಿ ಹೊಸ ಪ್ರಶ್ನೆ ಸೇರಿಸಿದ್ದೇವೆ: ಭಾನುವಾರ ಎಷ್ಟು ಜನಕ್ಕೆ ಅಂತ ತಂದಿರಿ, ಎಷ್ಟು ಜನ ಉಂಡರು?