ಮಾನಿಟರ್ ಸ್ಪೀಕರ್‌ನಲ್ಲಿ ದನಿ ಒಡೀತಿದೆಯೇ? ಮೊದಲು ಜಾಗ ಹಿಡಿಯಿರಿ

ಮಾನಿಟರ್‌ನ ಒಳಗೇ ಇರುವ ಸ್ಪೀಕರ್‌ನಿಂದ ದನಿ ಒಡೆದು ಬರತೊಡಗಿದರೆ ತುಂಬಾ ಜನ ಮೊದಲು ಡ್ರೈವರ್ (ದನಿಯ ಚಿಪ್ಪನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕುತ್ತಾರೆ. ಸರಿಹೋಗದಿದ್ದರೆ ಹೊಸ ಕೇಬಲ್ ತರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ ಇದು. ದನಿ ಹೊರಡುವುದು ಆ್ಯಪ್‌ನಿಂದ. ಅಲ್ಲಿಂದ ವಿಂಡೋಸ್, ಡ್ರೈವರ್, ಕೇಬಲ್, ಮಾನಿಟರ್‌ನ ಪುಟ್ಟ ಆಂಪ್ಲಿಫೈಯರ್ ದಾಟಿ ಕೊನೆಗೆ ಸ್ಪೀಕರ್‌ಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಡುತ್ತಿದೆ ಅಂತ ಗೊತ್ತಾಗುವವರೆಗೆ ಯಾವುದಕ್ಕೂ ಕೈ ಹಾಕಬೇಡಿ, ದುಡ್ಡನ್ನೂ ಖರ್ಚು ಮಾಡಬೇಡಿ. ಜಾಗ ಹಿಡಿಯಲು ಒಂದು ಇಯರ್‌ಫೋನ್ ಇದ್ದರೆ ಸಾಕು.

ಇಯರ್‌ಫೋನ್ ಪರೀಕ್ಷೆ

ಹೆಚ್ಚಿನ ಮಾನಿಟರ್‌ಗಳ ಹಿಂದೆ ಅಥವಾ ಕೆಳಗೆ 3.5 ಮಿಲಿಮೀಟರಿನ ಒಂದು ತೂತು ಇರುತ್ತದೆ, ಪಕ್ಕದಲ್ಲಿ ಹೆಡ್‌ಫೋನ್ ಚಿತ್ರ ಇರುತ್ತದೆ. ದನಿ ಒಡೆಯುತ್ತಿರುವ ಅದೇ ವಿಡಿಯೊವನ್ನು ಹಾಕಿ, ಇಯರ್‌ಫೋನ್ ಅಲ್ಲಿಗೆ ಚುಚ್ಚಿ. ಕಿವಿಗೆ ಹಾಕಿಕೊಳ್ಳುವ ಮೊದಲು ವಾಲ್ಯೂಮ್ ಇಳಿಸಿಕೊಳ್ಳಿ.

ಇಯರ್‌ಫೋನಿನಲ್ಲಿ ದನಿ ಸ್ವಚ್ಛವಾಗಿ ಬಂದರೆ ಕಂಪ್ಯೂಟರ್, ಡ್ರೈವರ್, ಕೇಬಲ್ ಮೂರೂ ಬಚಾವ್. ತೊಂದರೆ ಮಾನಿಟರ್‌ನ ಸ್ಪೀಕರ್‌ನಲ್ಲಿ ಇಲ್ಲವೇ ಅದನ್ನು ನಡೆಸುವ ಆಂಪ್ಲಿಫೈಯರ್‌ನಲ್ಲಿ ಇದೆ. ಇಯರ್‌ಫೋನಿನಲ್ಲೂ ಒಡೆದರೆ ಅದನ್ನು ತೆಗೆದು ಕಂಪ್ಯೂಟರ್‌ನದೇ ಜಾಕ್‌ಗೆ ಹಾಕಿ, ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತು ಒತ್ತಿ ಔಟ್‌ಪುಟ್ ಬದಲಿಸಿ. ಅಲ್ಲೂ ಒಡೆದರೆ ಆ್ಯಪ್ ಅಥವಾ ವಿಂಡೋಸ್ ಕಡೆ ನೋಡಬೇಕು. ಅಲ್ಲಿ ಚೆನ್ನಾಗಿದ್ದರೆ ಕಂಪ್ಯೂಟರಿನಿಂದ ಮಾನಿಟರ್‌ಗೆ ಹೋಗುವ ಎಚ್‌ಡಿಎಂಐ ಕೇಬಲ್, ಅದರ ಡ್ರೈವರ್, ಮಾನಿಟರ್ ಇವುಗಳ ಮೇಲೆ ಅನುಮಾನ ಪಡಬಹುದು. ಮಾನಿಟರ್‌ನಲ್ಲಿ ಜಾಕ್ ಇಲ್ಲದಿದ್ದರೆ ಬೇರೆ ಲ್ಯಾಪ್‌ಟಾಪನ್ನೋ ಟಿವಿಯ ಸೆಟ್ ಟಾಪ್ ಬಾಕ್ಸನ್ನೋ ಅದಕ್ಕೆ ಜೋಡಿಸಿ ಕೇಳಿದರೂ ಆದೀತು.

ಏನನ್ನು ಹಾಕಿ ಕೇಳುತ್ತೀರಿ ಅನ್ನುವುದೂ ಮುಖ್ಯ. ಸಿನಿಮಾ ಹಾಡು ಬೇಡ. ಎಷ್ಟೋ ಹಾಡುಗಳನ್ನು ರೆಕಾರ್ಡ್ ಮಾಡುವಾಗಲೇ ದನಿಯನ್ನು ಒತ್ತಿ ಹಿಗ್ಗಿಸಿರುತ್ತಾರೆ, ಒಡಕು ಅದರದೋ ಸ್ಪೀಕರ್‌ದೋ ತಿಳಿಯುವುದಿಲ್ಲ. ಆಕಾಶವಾಣಿಯ ವಾರ್ತೆಯಂಥ ಒಂಟಿ ದನಿ ಒಳ್ಳೆಯದು. ಶ್ರುತಿ ಪೆಟ್ಟಿಗೆಯ ಆ್ಯಪ್ ಇನ್ನೂ ಒಳ್ಳೆಯದು, ಒಂದೇ ಸಮ ಬರುವ ನಾದದಲ್ಲಿ ಸಣ್ಣ ಚಟಪಟವೂ ಎದ್ದು ಕೇಳುತ್ತದೆ. ತಂಬೂರಿ ಮಾತ್ರ ಬೇಡ. ಅದರ ನಾದದಲ್ಲಿ ಸಹಜವಾಗಿಯೇ ಒಂದು ಝೇಂಕಾರ ಇರುತ್ತದೆ, ಸ್ಪೀಕರ್ ಕೆಟ್ಟಿದೆ ಅಂತ ಸುಮ್ನೆ ಗಾಬರಿಯಾಗುತ್ತೀರಿ.

ವಾಲ್ಯೂಮ್ ಎಲ್ಲೆಲ್ಲಿ ಏರಿದೆ?

ದನಿ ಏರಿಸಿದಾಗ ಮಾತ್ರ ಒಡೆಯುತ್ತಿದ್ದರೆ ಇದನ್ನು ಓದಿ. ನನ್ನ ಪ್ರಕಾರ ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತದೆ.

ಕಂಪ್ಯೂಟರ್‌ನಲ್ಲಿ ದನಿ ಅಂದರೆ ಬರೀ ಅಂಕಿಗಳ ಸಾಲು. 16 ಬಿಟ್‌ನ ಆಡಿಯೊದಲ್ಲಿ ಆ ಅಂಕಿ 32,767ಕ್ಕಿಂತ ಮೇಲೆ ಹೋಗುವಂತಿಲ್ಲ. ಅದಕ್ಕಿಂತ ಜೋರು ಮಾಡಲು ಹೊರಟರೆ ದನಿಯ ಅಲೆಯ ತಲೆ ಅಲ್ಲೇ ಕತ್ತರಿಸಿ ಹೋಗುತ್ತದೆ. ನಮಗೆ ಪರಪರ ಅಂತ ಕೇಳುವುದು ಅದೇ. ಹೀಗೆ ಒಮ್ಮೆ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ. ಆಮೇಲೆ ಮಾನಿಟರ್‌ನಲ್ಲಿ ವಾಲ್ಯೂಮ್ ಎಷ್ಟು ಇಳಿಸಿದರೂ ಒಡಕು ಮೆಲ್ಲಗೆ ಕೇಳುತ್ತದೆ, ಅಷ್ಟೇ.

ಹಾಗಾಗಿ ದಾರಿಯ ಶುರುವಿನಿಂದ ಬನ್ನಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ವಾಲ್ಯೂಮ್ 125%ವರೆಗೆ ಏರುತ್ತದೆ, ಅದನ್ನು 100ರ ಒಳಗೆ ಇಡಿ. ಕ್ರೋಮ್‌ನಲ್ಲಿ ‘ವಾಲ್ಯೂಮ್ ಬೂಸ್ಟರ್’ ಅನ್ನುವ ಎಕ್ಸ್‌ಟೆನ್ಷನ್ ಯಾವುದಾದರೂ ಇದ್ದರೆ ತೆಗೆದುಹಾಕಿ. ಅದು ಮಾಡುವುದು ಇದೇ ಕತ್ತರಿಸುವ ಕೆಲಸ. ಮಕ್ಕಳು ಆನ್‌ಲೈನ್ ಕ್ಲಾಸಿಗೆ ಅಂತ ಯಾವತ್ತೋ ಹಾಕಿದ್ದು ಇನ್ನೂ ಕೂತಿರಬಹುದು. ಆಮೇಲೆ ವಿಂಡೋಸ್ ವಾಲ್ಯೂಮನ್ನು 80ರಿಂದ 90ರ ನಡುವೆ ಇಡಿ. ಕೊನೆಯಲ್ಲಿ ಮಾನಿಟರ್‌ನ ಬಟನ್ ಒತ್ತಿ ಬರುವ ಮೆನುವಿನಲ್ಲಿ ಅದರ ವಾಲ್ಯೂಮನ್ನು 30ಕ್ಕೆ ಇಳಿಸಿ, ಅಲ್ಲಿಂದ ನಿಧಾನ ಏರಿಸುತ್ತಾ ಹೋಗಿ. ಒಡಕು ಶುರುವಾಗುವ ಅಂಕಿ ಗುರುತಿಟ್ಟುಕೊಳ್ಳಿ. ನಿಮ್ಮ ಸ್ಪೀಕರಿನ ಮಿತಿ ಅದು. ಇನ್ನು ಮುಂದೆ ಅದಕ್ಕಿಂತ ಸ್ವಲ್ಪ ಕೆಳಗೇ ಇರಲಿ.

ಆ ಮಿತಿ ಎಷ್ಟು ಚಿಕ್ಕದು ಅಂತ ತಿಳಿದಿರುವುದು ಒಳ್ಳೆಯದು. ಬಹಳಷ್ಟು ಮಾನಿಟರ್‌ಗಳಲ್ಲಿ ಇರುವುದು ತಲಾ 2 ವ್ಯಾಟ್‌ನ ಎರಡು ಪುಟ್ಟ ಸ್ಪೀಕರ್. ಮುಖ ಹಿಂದಕ್ಕೋ ಕೆಳಕ್ಕೋ ಇರುತ್ತದೆ. ಮೀಟಿಂಗ್, ವಾರ್ತೆ, ಪಾಠ ಇವಕ್ಕೆ ಧಾರಾಳ ಸಾಕು. ಹಾಲ್ ತುಂಬಾ ಕೇಳಬೇಕು ಅಂದರೆ ಅದರಿಂದ ಆಗುವುದಿಲ್ಲ.

ಬೇಸ್ ಬಂದಾಗ ಮಾತ್ರ ಪರಪರ ಅಂದರೆ

ಡೋಲು, ತಬಲಾದ ಎಡ, ಗಂಡಸರ ದಪ್ಪ ದನಿ ಬಂದಾಗಷ್ಟೇ ಒಡೆದು, ಹೆಂಗಸರ ದನಿ, ಕೊಳಲು ಚೆನ್ನಾಗಿ ಕೇಳುತ್ತಿದೆಯೇ? ಅದಕ್ಕೆ ಕಾರಣ ಇದೆ. ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಅಂಕಿ (ಹರ್ಟ್ಸ್) ಅರ್ಧಕ್ಕೆ ಇಳಿದರೆ, ಅಷ್ಟೇ ಜೋರಾಗಿ ಕೇಳಿಸಲು ಸ್ಪೀಕರಿನ ಕೋನ್, ಅಂದರೆ ಗಾಳಿಯನ್ನು ತಳ್ಳುವ ಅದರ ಮುಂಭಾಗ, ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. 400 ಹರ್ಟ್ಸ್‌ನಿಂದ 100 ಹರ್ಟ್ಸ್‌ಗೆ ಇಳಿಯುವ ಹೊತ್ತಿಗೆ ಅದು 16 ಪಟ್ಟಾಗುತ್ತದೆ. ಮಾನಿಟರ್‌ನ ಕೋನ್‌ಗೆ ಅಷ್ಟು ಓಡಾಡಲು ಜಾಗವೇ ಇಲ್ಲ, ಕೊನೆ ಮುಟ್ಟಿ ಒದ್ದಾಡುತ್ತದೆ.

ಅಂದಮೇಲೆ ಬೇಸ್ ತೆಗೆದರೆ ಆಯಿತು, ಅಲ್ವಾ? ಹೌದು, ಅಷ್ಟೇ. ಬೇಸ್ ಬೂಸ್ಟ್ ಎಲ್ಲೇ ಇದ್ದರೂ ಆಫ್ ಮಾಡಿ. ವಿಎಲ್‌ಸಿಯಲ್ಲಿ ದಪ್ಪ, ತೆಳು ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್ ತೆರೆದು ಎಡಗಡೆಯ 60 ಮತ್ತು 170 ಹರ್ಟ್ಸ್ ಪಟ್ಟಿಗಳನ್ನು ಚೆನ್ನಾಗಿ ಕೆಳಗೆ ಎಳೆಯಿರಿ. ಎಲ್ಲ ಆ್ಯಪ್‌ಗಳಿಗೂ ಒಟ್ಟಿಗೇ ಬೇಕಿದ್ದರೆ ‘ಈಕ್ವಲೈಜರ್ ಎಪಿಒ’ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಈ ಸ್ಪೀಕರ್ ಆ ಬೇಸನ್ನು ಹೇಗೂ ಸರಿಯಾಗಿ ಕೊಡುತ್ತಿರಲಿಲ್ಲ. ಹಾಗಾಗಿ ನಿಮಗೆ ಏನೂ ಕಳೆದುಹೋದ ಹಾಗೆ ಅನ್ನಿಸುವುದಿಲ್ಲ. ಮೊದಲಿಗಿಂತ ಜಾಸ್ತಿ ವಾಲ್ಯೂಮ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳುವುದಂತೂ ಖಂಡಿತ.

ಒಂದು ವಿಷಯ ಇಲ್ಲಿ ನೋಡಿಕೊಳ್ಳಿ. ಎಷ್ಟೋ ಸಲ ಸದ್ದು ಸ್ಪೀಕರ್‌ದೇ ಆಗಿರುವುದಿಲ್ಲ. ಶಬ್ದ ಬರುತ್ತಿರುವಾಗ ಮಾನಿಟರ್‌ನ ಹಿಂಬದಿಯ ಪ್ಲಾಸ್ಟಿಕ್ಕನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಸ್ಟ್ಯಾಂಡ್ ಸೇರುವ ಜಾಗ, ಕೆಳಗಿನ ಅಂಚು, ಕೇಬಲ್ ಮುಚ್ಚುವ ಮುಚ್ಚಳ ಒಂದೊಂದಾಗಿ ಒತ್ತಿ. ಸದ್ದು ನಿಂತರೆ ಅಥವಾ ಬದಲಾದರೆ ಅಲ್ಲೇ ಏನೋ ಸಡಿಲವಾಗಿ ಕಂಪಿಸುತ್ತಿದೆ. ಸ್ಟ್ಯಾಂಡಿನ ಸ್ಕ್ರೂ ಬಿಗಿ ಮಾಡಿ, ಮುಚ್ಚಳದ ಅಂಚಿಗೆ ಸಣ್ಣ ತುಂಡು ಟೇಪು ಅಂಟಿಸಿ. ಮೇಜಿನ ಮೇಲಿನ ಪೆನ್ ಸ್ಟ್ಯಾಂಡ್, ಸ್ಟೀಲ್ ಲೋಟ, ಗೋಡೆಗೆ ತಾಗಿದ ಕೇಬಲ್ ಕೂಡ ಹೀಗೆ ಗುರ್ ಅನ್ನುತ್ತವೆ. ಹಿಂದಕ್ಕೆ ಮುಖ ಮಾಡಿದ ಸ್ಪೀಕರ್ ಗೋಡೆಗೆ ಅಂಟಿಕೊಂಡಿದ್ದರೆ ದನಿ ಮಬ್ಬಾಗುತ್ತದೆ, ಮಾನಿಟರನ್ನು ಒಂದು ಗೇಣು ಮುಂದಕ್ಕೆ ಎಳೆಯಿರಿ.

ವಿಂಡೋಸ್‌ನಲ್ಲಿ ನೋಡಬೇಕಾದ್ದು

ಎಲ್ಲ ವಾಲ್ಯೂಮ್‌ನಲ್ಲೂ ಚಟಪಟ ಬರುತ್ತಿದ್ದರೆ, ಅಥವಾ ದನಿ ರೋಬೋ ಥರ ತುಂಡುತುಂಡಾಗಿದ್ದರೆ ಇದು ನಿಮಗೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ತೆರೆದು ಮಾನಿಟರ್‌ನ ಹೆಸರಿನ ಮೇಲೆ ಒತ್ತಿ. ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡಿ, ‘ಸ್ಪೇಷಿಯಲ್ ಸೌಂಡ್’ ಕೂಡ ಆಫ್ ಮಾಡಿ. ‘ಫಾರ್ಮ್ಯಾಟ್’ ಅನ್ನುವಲ್ಲಿ 16 ಬಿಟ್, 48,000 ಹರ್ಟ್ಸ್ (ಇಲ್ಲಿ ಸೆಕೆಂಡಿಗೆ ದನಿಯ ಎಷ್ಟು ಅಂಕಿ ಅಂತ ಅರ್ಥ) ಆರಿಸಿ. ವಿಡಿಯೊಗಳ ದನಿ ಸಾಮಾನ್ಯವಾಗಿ ಇರುವುದು ಇದೇ 48,000ದಲ್ಲಿ. ಎಚ್‌ಡಿಎಂಐ ಮೂಲಕ ದನಿ ತೆಗೆದುಕೊಳ್ಳುವ ಮಾನಿಟರ್‌ಗಳಿಗೂ ಇದು ಸಲೀಸು. 96,000, 192,000 ಅಂತ ದೊಡ್ಡ ಅಂಕಿ ಹಾಕಿದರೆ 2 ವ್ಯಾಟ್ ಸ್ಪೀಕರಿಗೆ ಏನೂ ಲಾಭ ಇಲ್ಲ.

ಮ್ಯಾಕ್ ಇದ್ದವರು ‘ಆಡಿಯೊ ಮಿಡಿ ಸೆಟಪ್’ ತೆರೆದು ಅಲ್ಲಿ ಅದೇ 48,000 ಆರಿಸಿ.

ಇದಾದ ಮೇಲಷ್ಟೇ ಡ್ರೈವರ್. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್‌ನಲ್ಲಿ ಬರುವ ದನಿ ಗ್ರಾಫಿಕ್ಸ್ ಚಿಪ್‌ನಿಂದ ಬರುತ್ತದೆ. ಆದ್ದರಿಂದ ಕಂಪ್ಯೂಟರಿನ ಸ್ವಂತ ಜಾಕ್ ನಡೆಸುವ ರಿಯಲ್‌ಟೆಕ್ ಡ್ರೈವರ್ ಎಷ್ಟು ಸಲ ಹಾಕಿದರೂ ಪ್ರಯೋಜನ ಇಲ್ಲ. ಎನ್ವಿಡಿಯಾ, ಎಎಂಡಿ, ಇಂಟೆಲ್ ಈ ಮೂರರಲ್ಲಿ ನಿಮ್ಮದು ಯಾವುದೋ ಅದರ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ. ದನಿಯ ಡ್ರೈವರ್ ಅದರ ಜೊತೆಗೇ ಬರುತ್ತದೆ. ಫೈಲ್ ಡೌನ್‌ಲೋಡ್ ಆಗುವಾಗ, ಗೇಮ್ ಓಡುವಾಗ ಮಾತ್ರ ಚಟಪಟ ಅಂದರೆ ಬೇರೆ ಯಾವುದೋ ಡ್ರೈವರ್ ಪ್ರೊಸೆಸರನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತಿರಬಹುದು. ವೈಫೈ ಡ್ರೈವರ್ ಹೀಗೆ ಮಾಡುವುದುಂಟು. ‘ಲೇಟೆನ್ಸಿಮಾನ್’ ಅನ್ನುವ ಸಾಫ್ಟ್‌ವೇರ್ ಆ ಡ್ರೈವರಿನ ಹೆಸರನ್ನೇ ತೋರಿಸುತ್ತದೆ.

ಕೇಬಲ್, ಅರ್ತಿಂಗ್

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರವೂ ದನಿಯೂ ಒಟ್ಟಿಗೇ ಹೋಗುತ್ತವೆ. ಕೇಬಲ್ ಕೆಟ್ಟಿದ್ದರೆ ದನಿಯ ಚಟಪಟದ ಜೊತೆಗೆ ಪರದೆ ಕ್ಷಣ ಕಪ್ಪಾಗುವುದು, ಬಿಳಿ ಚುಕ್ಕಿ ಮಿಂಚುವುದು ಕಂಡೇ ಕಾಣುತ್ತದೆ. ಚಿತ್ರ ಒಂಚೂರೂ ಅಲುಗದಿದ್ದರೆ ಹೊಸ ಕೇಬಲ್‌ಗೆ ಅವಸರ ಬೇಡ, ಎರಡೂ ತುದಿ ಕಿತ್ತು ಗಟ್ಟಿಯಾಗಿ ಮತ್ತೆ ಚುಚ್ಚಿ ನೋಡಿ.

ಹಳೆಯ ವಿಜಿಎ ಕೇಬಲ್ ಇದ್ದವರ ಕಥೆ ಬೇರೆ. ವಿಜಿಎಯಲ್ಲಿ ದನಿ ಹೋಗುವುದೇ ಇಲ್ಲ, ಅದಕ್ಕೆ ಅಂತಲೇ ಕಂಪ್ಯೂಟರಿನ ಹಸಿರು ಜಾಕ್‌ನಿಂದ ಮಾನಿಟರ್‌ಗೆ ಇನ್ನೊಂದು ವೈರ್ ಹಾಕಿರುತ್ತೇವೆ. ಏನೂ ಹಾಕದೆ ಇದ್ದಾಗಲೂ ಗುಂಯ್ ಅನ್ನುವ ಸದ್ದು ಬರುವುದು ಹೆಚ್ಚಾಗಿ ಈ ವೈರಿನಿಂದ. ನಮ್ಮ ಮನೆಗಳ ಕರೆಂಟಿನ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು, ಮುಪ್ಪಟ್ಟು ಕಂಪನಗಳು ಅದರೊಳಗೆ ನುಸುಳುತ್ತವೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಗುಂಯ್ ನಿಂತರೆ ಕಾರಣ ಕರೆಂಟಿನ ಕಡೆ ಇದೆ. ಮಾನಿಟರ್, ಕಂಪ್ಯೂಟರ್ ಎರಡನ್ನೂ ಒಂದೇ ಸ್ಪೈಕ್ ಬೋರ್ಡ್‌ಗೆ ಹಾಕಿ. ಸದ್ದು ನಿಲ್ಲುತ್ತದೆ ಅಂತ ಯಾರಾದರೂ ಪ್ಲಗ್ಗಿನ ದಪ್ಪ ಪಿನ್ ಮುರಿಯಲು ಹೇಳಿದರೆ ದಯವಿಟ್ಟು ಕೇಳಬೇಡಿ. ಶಾಕ್ ಹೊಡೆಯದಂತೆ ಕಾಯುವ ಅರ್ತ್ ಅದು. ಮನೆಯ ಅರ್ತಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ.

ಇಷ್ಟಾದರೂ ಬಗ್ಗದಿದ್ದರೆ

ಸೌಂಡ್ ಸೆಟ್ಟಿಂಗ್‌ನಲ್ಲಿ ಎಡ ಬಲದ ವಾಲ್ಯೂಮ್ ಬೇರೆಬೇರೆ ಇರುತ್ತದೆ. ಒಂದನ್ನು ಸೊನ್ನೆ ಮಾಡಿ ಇನ್ನೊಂದನ್ನು ಕೇಳಿ. ಒಂದೇ ಬದಿ ಒಡೆದರೆ ಆ ಸ್ಪೀಕರಿನ ಕೋನ್ ಹರಿದಿರುವ ಸಾಧ್ಯತೆ ಜಾಸ್ತಿ. ಎರಡೂ ಒಡೆದರೆ ಆಂಪ್ಲಿಫೈಯರ್ ಅಥವಾ ಪವರ್ ಬೋರ್ಡ್ ಕಡೆ ಬೊಟ್ಟು ಮಾಡಬೇಕು.

ಬಿಲ್ ಹುಡುಕಿ. ಮಾನಿಟರ್‌ಗಳಿಗೆ ಹಲವು ಕಂಪನಿಗಳು 3 ವರ್ಷದ ವಾರಂಟಿ ಕೊಡುತ್ತವೆ, ಅದು ಸ್ಪೀಕರಿಗೂ ಅನ್ವಯಿಸುತ್ತದೆಯೇ ಕೇಳಿ. ಸರ್ವೀಸ್ ಸೆಂಟರಿಗೆ ಹೋಗುವ ಮೊದಲು ಇಯರ್‌ಫೋನಿನಲ್ಲಿ ಚೆನ್ನಾಗಿದ್ದು ಸ್ಪೀಕರ್‌ನಲ್ಲಿ ಒಡೆಯುವುದನ್ನು ಮೊಬೈಲ್‌ನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ‘ಡ್ರೈವರ್ ಹಾಕಿ ನೋಡಿ’ ಅಂತ ವಾಪಸ್ ಕಳಿಸಲು ಆಗುವುದಿಲ್ಲ. ವಾರಂಟಿ ಮುಗಿದಿದ್ದರೂ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಅಪಾಯಕಾರಿ ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ರಿಪೇರಿ ದಿನಾ ಮಾಡುವವರು ಸಿಗುತ್ತಾರೆ. ಹಳೆಯ ಸ್ಪೀಕರಿನ ಮೇಲೆ ಬರೆದಿರುವ ಓಮ್ ಮತ್ತು ವ್ಯಾಟ್ ಎಷ್ಟಿದೆಯೋ ಅಷ್ಟೇ ಇರುವುದನ್ನು ಹಾಕಿಸಿ. ರಿಪೇರಿ ಖರ್ಚು ಒಂದು ಜೊತೆ ಯುಎಸ್‌ಬಿ ಸ್ಪೀಕರಿನ ಬೆಲೆಗೆ ಹತ್ತಿರ ಬಂದರೆ ಆ ಜೊತೆಯನ್ನೇ ಕೊಂಡು ಬನ್ನಿ.