ದಿವಾನಿಯಾ: ಕುವೈತಿಗೆ ಬರುವ ಕನ್ನಡಿಗರು ಅರಿತಿರಬೇಕಾದ ಪಡಸಾಲೆ

ಕುವೈತಿಗೆ ಹೊಸದಾಗಿ ಬಂದ ನಮ್ಮವರು ಮೊದಲು ವಿಚಾರಿಸುವುದು ಇಕಾಮಾ (ವಾಸದ ಪರವಾನಗಿ), ಸಿವಿಲ್ ಐಡಿ, ಮನೆ ಬಾಡಿಗೆ. ಈ ದೇಶ ನಡೆಯುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಸಂಸತ್ ಭವನದ ಕಡೆ ಕೈ ತೋರುವುದಿಲ್ಲ. ರಾತ್ರಿ ಎಂಟರ ಹೊತ್ತಿಗೆ ಬಡಾವಣೆಯೊಂದರಲ್ಲಿ ಸಾಲುಗಟ್ಟಿ ಕಾರು ನಿಂತ ಮನೆಯನ್ನು ತೋರಿಸುತ್ತೇನೆ. ಹೊಸ್ತಿಲ ಹೊರಗೆ ಚಪ್ಪಲಿಗಳು, ಒಳಗೆ ಮೂರು ಗೋಡೆಗುಂಟ ಆಸನಗಳು, ಕಾಫಿ ಹಿಡಿದು ಸುತ್ತುವ ಹುಡುಗ. ಅದು ದಿವಾನಿಯಾ.

ಮನೆಗೆ ಸೇರಿದ್ದರೂ ಬೇರೆಯೇ ಬಾಗಿಲಿರುವ ಗಂಡಸರ ಪಡಸಾಲೆ ಇದು. ಮುತ್ತಿನ ವ್ಯಾಪಾರದ ಕಾಲದಿಂದಲೂ ವರ್ತಕರೂ ನೌಖದಾ ಎನಿಸಿಕೊಂಡ ಹಡಗಿನ ನಾಯಕರೂ ಇಂಥಲ್ಲಿ ಕೂತು ಸುದ್ದಿ, ಸಾಲ, ಸಂಬಂಧ, ಜಗಳ ಎಲ್ಲವನ್ನೂ ಮಾತಾಡುತ್ತಿದ್ದರು. ನಮ್ಮ ಊರಿನ ಅರಳಿಕಟ್ಟೆಯಂತೆ ಎನ್ನಬಹುದು, ಆದರೆ ಕಟ್ಟೆ ಊರಿನದು, ದಿವಾನಿಯಾ ಒಂದು ಮನೆತನದ್ದು. ಆ ಒಂದು ವ್ಯತ್ಯಾಸವೇ ಇಲ್ಲಿನ ರಾಜಕೀಯವನ್ನು ರೂಪಿಸಿದೆ.

1962ರ ಸಂವಿಧಾನ 50 ಚುನಾಯಿತ ಸದಸ್ಯರ ಶಾಸನಸಭೆಯನ್ನು ಕೊಟ್ಟಿತು. ಪಕ್ಷಗಳಿಗೆ ಮಾತ್ರ ಇಂದಿಗೂ ಕಾನೂನಿನ ಮಾನ್ಯತೆ ಇಲ್ಲ. ಪಕ್ಷದ ಕೆಲಸವನ್ನೆಲ್ಲ ಹೊತ್ತುಕೊಂಡದ್ದು ದಿವಾನಿಯಾ. ಚುನಾವಣೆ ಬಂದರೆ ಅಭ್ಯರ್ಥಿ ಒಂದೇ ರಾತ್ರಿ ಹಲವು ಮನೆ ಹೊಕ್ಕು, ಎದುರು ಕೂತವರ ಪ್ರಶ್ನೆಗೆ ಉತ್ತರಿಸಬೇಕಿತ್ತು. ಅದೇ ಸಂವಿಧಾನದ 44ನೆಯ ವಿಧಿಯಂತೆ ಖಾಸಗಿ ಸಭೆಗೆ ಯಾರ ಅನುಮತಿಯೂ ಬೇಡ, ಪೊಲೀಸರು ಅಲ್ಲಿಗೆ ಹೋಗುವಂತಿಲ್ಲ. ಬೀದಿಯಲ್ಲಿ ಆಡಲಾಗದ ಮಾತಿಗೆ ಮನೆಯ ಗೋಡೆ ಆಸರೆಯಾಯಿತು.

ಈ ಆಸರೆಯ ಬಲ ಎಷ್ಟೆಂಬುದು 1989ರಲ್ಲಿ ಕಂಡಿತು. 1986ರಲ್ಲಿ ದೇಶದ ದೊರೆಯಾದ ಅಮೀರರು ಶಾಸನಸಭೆಯನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನೂ ಅಮಾನತಿನಲ್ಲಿಟ್ಟಿದ್ದರು. ಮಾಜಿ ಶಾಸಕರು ಸೋಮವಾರಗಳಂದು ಒಬ್ಬೊಬ್ಬರ ದಿವಾನಿಯಾದಲ್ಲಿ ಸೇರಿ, ಸಂವಿಧಾನವನ್ನು ಮರಳಿ ಜಾರಿಗೆ ತನ್ನಿ ಎಂದು ಕೇಳತೊಡಗಿದರು. ಪೊಲೀಸರು ಬಾಗಿಲಿಗೆ ಅಡ್ಡ ನಿಂತರು, ಬಲಪ್ರಯೋಗವೂ ಆಯಿತು. ಮನೆಯ ಬಾಗಿಲು ತಡೆದದ್ದು ರಾಜಕೀಯದ ಗೊಡವೆಗೆ ಹೋಗದವರನ್ನೂ ಕೆರಳಿಸಿತು. 1990ರ ಆಗಸ್ಟ್‌ನಲ್ಲಿ ಇರಾಕ್ ಆಕ್ರಮಿಸಿತು. ಬಿಡುಗಡೆಯ ಬಳಿಕ, 1992ರಲ್ಲಿ, ಚುನಾವಣೆ ನಡೆಯಿತು.

ಆದರೆ ಗಂಡಸರ ಪಡಸಾಲೆಯಲ್ಲಿ ಬೆಳೆದ ರಾಜಕೀಯ ಹೆಂಗಸರನ್ನು ಬಹುಕಾಲ ಹೊರಗಿಟ್ಟಿತು. ಇದು ನನಗೆ ನೋವು ತರುವ ಸಂಗತಿ. ಅವರಿಗೆ ಮತದ ಹಕ್ಕು ಬಂದದ್ದು 2005ರಲ್ಲಿ, ನಾಲ್ವರು ಗೆದ್ದು ಶಾಸನಸಭೆಗೆ ಬಂದದ್ದು 2009ರಲ್ಲಿ. ಬುಡಕಟ್ಟುಗಳು ತಮ್ಮೊಳಗೇ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಒಳಚುನಾವಣೆಯನ್ನು 1998ರಲ್ಲಿ ನಿಷೇಧಿಸಿದರೂ ಅದು ಬೇಗ ನಿಲ್ಲಲಿಲ್ಲ. 2024ರ ಮೇ 10ರಂದು ಅಮೀರ್ ಶೇಖ್ ಮಿಶಾಲ್ ಶಾಸನಸಭೆಯನ್ನು ಮತ್ತೆ ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ಅಮಾನತಿನಲ್ಲಿಟ್ಟರು. ಪಡಸಾಲೆಗಳ ದೀಪ ಆರಿಲ್ಲ.

ನಮಗೆ ಇಲ್ಲಿ ಮತವಿಲ್ಲ, ರಾಜಕೀಯ ಪ್ರತಿಭಟನೆಗೆ ಇಳಿದ ಪರದೇಶಿಯನ್ನು ಗಡೀಪಾರು ಮಾಡಬಹುದು. ಅಮೀರರ ಟೀಕೆ ಅಪರಾಧ, ಕೇಳಿದ್ದನ್ನು ಮೊಬೈಲಿನಲ್ಲಿ ಹಂಚಬೇಡಿ. 'ವಾಸ್ತಾ' ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಪರಿಚಯದ ಪ್ರಭಾವದಿಂದ ಕೆಲಸ ಮಾಡಿಸಿಕೊಳ್ಳುವ ಆ ಬಳಕೆಗೆ ದಿವಾನಿಯಾವೇ ಕೊಂಡಿ. ಸಂಬಳ ಬಾಕಿಯಾದರೆ ವಾಸ್ತಾವನ್ನು ನೆಚ್ಚಿ ದಿನ ಕಳೆಯಬೇಡಿ, ಮಾನವಶಕ್ತಿ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ.

ಆದರೂ ಸಹೋದ್ಯೋಗಿ ದಿವಾನಿಯಾಕ್ಕೆ ಕರೆದರೆ ತಪ್ಪದೆ ಹೋಗಿ. ಸಲಾಂ ಹೇಳಿ ಒಳಗೆ ಬಂದು ಬಲಗಡೆಯಿಂದ ಎಲ್ಲರ ಕೈ ಕುಲುಕಿ. ಫಿಂಜಾನ್ ಎಂಬ ಪುಟ್ಟ ಕಾಫಿ ಬಟ್ಟಲನ್ನು ಬಲಗೈಯಲ್ಲಿ ಹಿಡಿಯಿರಿ. ಸಾಕೆನಿಸಿದಾಗ ಮೆಲ್ಲಗೆ ಅಲುಗಾಡಿಸಿ, ಇಲ್ಲವಾದರೆ ಹುಡುಗ ಸುರಿಯುತ್ತಲೇ ಇರುತ್ತಾನೆ. ಮೊದಲ ಭೇಟಿಯಲ್ಲೇ ಉಪಕಾರ ಕೇಳಬೇಡಿ. ಕೊನೆಗೆ ಬಖೂರಿನ ಧೂಪ ಸುತ್ತು ಬರುತ್ತದೆ. ಹೊಗೆಯನ್ನು ಬಟ್ಟೆಯ ಕಡೆ ಬೀಸಿಕೊಂಡು, ಮನೆಯೊಡೆಯನಿಗೆ ಸಲಾಂ ಹೇಳಿ ಎದ್ದುಬಿಡಿ.